ಬೇಸಿಗೆ ನೋಡದ ತಳಿ

ಅವರ ಹಿಮ್ಮಡಿಗಳು ಸುಣ್ಣ ಬಳಿದಂತೆ ಬೆಳ್ಳಗಿದ್ದವು. ರೇಷ್ಮೆ ಹುಳು ಸಾಕುವ ಮನೆಯ ಬಾಗಿಲಲ್ಲಿ ಅಗಲವಾದ ತಟ್ಟೆಯೊಂದರಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರು ಇರುತ್ತಿತ್ತು. ಒಳಗೆ ಹೋಗುವಾಗಲೊಮ್ಮೆ ಹೊರಗೆ ಬರುವಾಗಲೊಮ್ಮೆ ಅದರಲ್ಲಿ ಕಾಲಿಟ್ಟು ತುಳಿಯಬೇಕು. ವರ್ಷಗಟ್ಟಲೆ ಹಾಗೆ ತುಳಿದು ಅವರ ಪಾದದ ಚರ್ಮ ಬಣ್ಣಗೆಟ್ಟು, ಅಲ್ಲಲ್ಲಿ ಸೀಳಿ, ಒಣಗಿದ ಕೆರೆಯ ತಳದ ಹಾಗೆ ಆಗಿತ್ತು. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ ಮೇಡಂ ಎಂದರೆ, "ಬೆಳಗ್ಗೆ ಆ ವಾಸನೆ ಹೊತ್ತುಕೊಂಡು ಹುಳದ ಹತ್ತಿರ ಹೋಗಬೇಕಲ್ಲ" ಎನ್ನುತ್ತಿದ್ದರು. ಪೌಡರಿಲ್ಲ, ಹೂವಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಮುಡಿದಿದ್ದ ಮಲ್ಲಿಗೆಯನ್ನು ಬಾಗಿಲಲ್ಲೇ ತೆಗೆಸಿ ಕಿಟಕಿಯ ಸರಳಿಗೆ ಕಟ್ಟಿಸಿದ್ದರು. ಸಂಜೆ ಹೊರಡುವಾಗ ಅವರೇ ನೆನಪಿಟ್ಟು ಬಿಚ್ಚಿಕೊಟ್ಟರು.

ಅವರು ನನ್ನ ಗೈಡ್. ಕನಕಪುರದಿಂದ ಸಾತನೂರಿನ ಕಡೆ ಹೋಗುವ ದಾರಿಯಲ್ಲಿ ವಿಶ್ವವಿದ್ಯಾಲಯವೊಂದರ ಸಣ್ಣ ರೇಷ್ಮೆ ಸಂಶೋಧನಾ ಕೇಂದ್ರವಿತ್ತು. ಒಂದು ಹುಳುಮನೆ, ಒಂದು ಪ್ರಯೋಗಾಲಯ, ಹಿಂದೆ ಹಿಪ್ಪುನೇರಳೆ ತೋಟ, ಅಷ್ಟೇ. ಅದರ ಮುಖ್ಯಸ್ಥರು ಅವರು. ನಾನು ಕೋಡಿಹಳ್ಳಿಯ ರೇಷ್ಮೆ ಮನೆಯ ಹುಡುಗಿ, ಅವರ ಕೈಕೆಳಗೆ ಪಿಎಚ್‌ಡಿ ಮಾಡಲು ಬಂದಿದ್ದೆ. ಹುಳುವಿನ ಬಗ್ಗೆ ನನಗೆ ಹುಟ್ಟಿನಿಂದಲೇ ಗೊತ್ತು ಎಂಬ ಒಂದು ಜಂಬವಿತ್ತು. ಅದನ್ನು ಅವರು ಮುರಿಯಲು ಹೋಗಲಿಲ್ಲ. "ಗೊತ್ತಿರೋದನ್ನ ಒಂದು ಕಡೆ ಬರಿ, ಅಂದುಕೊಂಡಿರೋದನ್ನ ಇನ್ನೊಂದು ಕಡೆ ಬರಿ. ಎರಡನ್ನೂ ಒಂದೇ ಪುಟದಲ್ಲಿ ಕಲಸಬೇಡ" ಎಂದಷ್ಟೇ ಹೇಳಿದರು.

ಮೈಸೂರಿನವರು, ಮದುವೆಯಾಗಿರಲಿಲ್ಲ. ರಜೆಯ ದಿನ ಉಳಿದವರು ಊರಿಗೆ ಹೋದರೆ ಅವರು ಬಸ್ಸು ಹತ್ತಿ ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗುತ್ತಿದ್ದರು. ಯಾರದೋ ಗೂಡಿನ ರಾಶಿಗೆ ಕೈ ಹಾಕುವುದು, ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು, ಮುಂದಿನ ರಾಶಿಗೆ ಹೋಗುವುದು. ಒಂದು ಸಲ ನಾನೂ ಜೊತೆಗಿದ್ದೆ. ಗೂಡು ಕೊಳ್ಳಲು ಕಾಯುತ್ತಿದ್ದ ನೂಲು ಬಿಚ್ಚುವವರೊಬ್ಬರು ತಾಳ್ಮೆಗೆಟ್ಟು, "ಏನಮ್ಮ, ತಗೊಳ್ಳೋದೂ ಇಲ್ಲ, ಬುಡೋದೂ ಇಲ್ಲ. ಒಂದೇ ಸಮ ಮುಟ್ಕಂಡ್ ಮುಟ್ಕಂಡ್ ಹೋಯ್ತಾ ಇದೀಯ" ಎಂದರು. ಮೇಡಂ ನಾಚಿಕೊಂಡು ಗೂಡನ್ನು ರಾಶಿಗೆ ಹಾಕಿ, "ತುಂಬಾ ಚೆನ್ನಾಗಿ ಕಟ್ಟಿದೆಯಪ್ಪ, ಅದಕ್ಕೇ ನೋಡಿದೆ" ಎಂದರು. ಆತ ನಕ್ಕು ಟೀ ತರಿಸಿದ.

ನಾನು ಸೇರುವ ಹೊತ್ತಿಗೆ ಅವರು ಒಂದು ಹೊಸ ತಳಿಯನ್ನು ಬಹಳ ವರ್ಷಗಳಿಂದ ಸಿದ್ಧಪಡಿಸುತ್ತಾ ಬಂದಿದ್ದರು. ಗೂಡು ದಪ್ಪ, ನೂಲು ಉದ್ದ, ಬಣ್ಣ ಅಚ್ಚ ಬಿಳಿ. ಮಳೆಗಾಲದಲ್ಲಿ ಸಾಕಿದೆವು, ಸೊಗಸಾಗಿ ಬಂತು. ಚಳಿಗಾಲದಲ್ಲಿ ಸಾಕಿದೆವು, ಇನ್ನೂ ಸೊಗಸಾಗಿ ಬಂತು. ಬೇಸಿಗೆಯ ಪರೀಕ್ಷೆಯೊಂದು ಬಾಕಿಯಿತ್ತು. ಅಷ್ಟರಲ್ಲಿ ಚುನಾವಣೆ ಹತ್ತಿರ ಬಂತು.

ಕೇಂದ್ರಕ್ಕೆ ಹಣ ಕೊಡುವ ಸಮಿತಿಗೆ ಆ ವರ್ಷ ಹೊಸ ಅಧ್ಯಕ್ಷರು ಬಂದಿದ್ದರು. ಬೇರೆ ಜಿಲ್ಲೆಯವರು, ಪಕ್ಷದ ಕೆಲಸ ಮಾಡಿ ಆ ಕುರ್ಚಿಗೆ ಬಂದವರು. ಕೆಟ್ಟ ಮನುಷ್ಯರೇನಲ್ಲ. ಒಂದು ಬೆಳಗ್ಗೆ ಕೇಂದ್ರಕ್ಕೆ ಬಂದರು, ಬ್ಲೀಚಿಂಗ್ ನೀರಿಗೆ ಕಾಲಿಡಬೇಕೆಂದಾಗ ಮರುಮಾತಾಡದೆ ಷೂ ಕಳಚಿದರು. ಗೂಡುಗಳನ್ನು ಅಂಗೈಯಲ್ಲಿ ಹಾಕಿಕೊಂಡು ತೂಗಿ ನೋಡಿ ನಿಜವಾಗಿಯೂ ಖುಷಿಪಟ್ಟರು. ಆಮೇಲೆ ಪ್ರಯೋಗಾಲಯದಲ್ಲಿ ಕುಳಿತು ವಿಷಯಕ್ಕೆ ಬಂದರು. ಮುಂದಿನ ತಿಂಗಳು ದೊಡ್ಡ ರೈತ ಸಮಾವೇಶವಿದೆ, ಅಲ್ಲಿ ಈ ತಳಿ ಬಿಡುಗಡೆಯಾಗಬೇಕು, ರೈತರಿಗೆ ವೇದಿಕೆಯ ಮೇಲೇ ಮೊಟ್ಟೆ ಹಂಚಬೇಕು. ಎಲ್ಲ ಹವಾಮಾನಕ್ಕೂ ಒಗ್ಗುತ್ತದೆ ಎಂಬ ಒಂದು ಪ್ರಮಾಣಪತ್ರಕ್ಕೆ ಮೇಡಂ ಸಹಿ ಹಾಕಿದರೆ ಸಾಕು.

"ಬೇಸಿಗೆ ನೋಡಿಲ್ಲ ಸಾರ್" ಎಂದರು ಮೇಡಂ.

"ಎರಡು ಬೆಳೆ ಅಷ್ಟು ಚೆನ್ನಾಗಿ ಬಂದಿದೆ ಅಂತ ನೀವೇ ರಿಪೋರ್ಟ್ ಕೊಟ್ಟಿದ್ದೀರಲ್ಲ."

"ಅವೆರಡು ಬೆಳೆಗೆ ಮಾತ್ರ ಕೊಟ್ಟಿದ್ದೀನಿ. ಮೂರನೇದು ಹೇಗೋ ನನಗೆ ಗೊತ್ತಿಲ್ಲ. ಬೇಸಿಗೆ ಕಳೀಲಿ."

"ಬೇಸಿಗೆ ಕಳೆಯೋ ಹೊತ್ತಿಗೆ ಚುನಾವಣೆನೂ ಕಳೆದಿರುತ್ತೆ ಮೇಡಂ." ಅವರು ಇದನ್ನು ಮುಚ್ಚುಮರೆಯಿಲ್ಲದೆ, ಸ್ನೇಹದಿಂದಲೇ ಹೇಳಿದರು. "ತಳಿಗೆ ನಿಮ್ಮ ಹೆಸರೇ ಇಡೋಣ. ನಿಮ್ಮ ಜೀವಮಾನದ ಕೆಲಸ ಇದು."

ಅವರು ಮುಂದಿಟ್ಟ ಪ್ರಮಾಣಪತ್ರವನ್ನು ಮೇಡಂ ಕೈಗೆತ್ತಿಕೊಂಡು ಓದಿದರು. ಅವರಿಗೆ ಆಸೆಯಾಗಲಿಲ್ಲ ಎಂದು ನಾನು ಹೇಳಲಾರೆ. ಅವರ ಮುಖವನ್ನು ನಾನು ನೋಡುತ್ತಿದ್ದೆ. ಆಮೇಲೆ, "ನನ್ನ ಹೆಸರಿಟ್ಟ ಮೇಲೆ ಹುಳ ಸತ್ತರೆ ಇನ್ನೂ ಕಷ್ಟ ಸಾರ್" ಎಂದು ಕಾಗದವನ್ನು ಮೆಲ್ಲಗೆ ಅವರ ಕಡೆಗೇ ಸರಿಸಿದರು.

ಯಾರೂ ಕೂಗಾಡಲಿಲ್ಲ. ಅಧ್ಯಕ್ಷರು ಕಾಫಿ ಕುಡಿದು ಕೈಮುಗಿದು ಹೋದರು. ಕೆಲವು ವಾರಗಳ ನಂತರ, ಯೋಜನೆಯನ್ನು ಮುಂದುವರಿಸಲು ಅನುದಾನ ಲಭ್ಯವಿಲ್ಲ ಎಂಬ ಆದೇಶ ಬಂತು. ದಿನಗೂಲಿಯವರನ್ನು ಬಿಡಿಸಿದರು. ಹುಳುಮನೆಗೆ ಬೀಗ ಬಿತ್ತು. ಗಾಳಿ ತಂಪು ಮಾಡುವ ಯಂತ್ರಗಳನ್ನು ಲಾರಿಯಲ್ಲಿ ಹೇರಿಕೊಂಡು ಹೋದರು. ಮೇಡಂ ಅವರನ್ನು ಬೆಂಗಳೂರಿನ ಮುಖ್ಯ ಆವರಣಕ್ಕೆ ಪಾಠ ಹೇಳಲು ಹಾಕಿದರು. ನನ್ನ ಫೆಲೋಶಿಪ್ ನಿಂತುಹೋಯಿತು.

ಯಂತ್ರಗಳು ಹೋದ ದಿನ ನಾನು ಸಿಟ್ಟಿನಲ್ಲಿ ಕೇಳಿಯೇಬಿಟ್ಟೆ. "ಒಂದು ಸಹಿ ಹಾಕಿದ್ದಿದ್ದರೆ ಏನಾಗ್ತಿತ್ತು ಮೇಡಂ?"

ಅವರು ಖಾಲಿ ಹುಳುಮನೆಯನ್ನು ಗುಡಿಸುತ್ತಿದ್ದರು. ಪೊರಕೆ ನಿಲ್ಲಿಸದೆ, "ನಿಮ್ಮಮ್ಮನ ಮನೆಗೆ ಮೊಟ್ಟೆ ಹೋಗ್ತಿತ್ತು" ಎಂದರು.

ಹುಳುವಿನ ತಳಿ ಪುಸ್ತಕದ ಹಾಗಲ್ಲ, ಬೀರುವಿನಲ್ಲಿಟ್ಟು ಬೀಗ ಹಾಕಲು ಬರುವುದಿಲ್ಲ. ಮೊಟ್ಟೆಯನ್ನು ಶೀತಗೃಹದಲ್ಲಿ ಕೆಲವು ತಿಂಗಳು ಇಡಬಹುದು. ಆಮೇಲೆ ಅದು ಹುಳುವಾಗಬೇಕು, ಗೂಡು ಕಟ್ಟಬೇಕು, ಚಿಟ್ಟೆಯಾಗಿ ಮತ್ತೆ ಮೊಟ್ಟೆಯಿಡಬೇಕು. ಒಂದು ಸಲ ತಪ್ಪಿದರೆ ಅಲ್ಲಿಗೆ ವಂಶ ಮುಗಿಯಿತು. ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಭಾನುವಾರ ಮೇಡಂ ಕೋಡಿಹಳ್ಳಿಯ ನಮ್ಮ ಮನೆಗೆ ಬಂದರು. ಜಗಲಿಯ ಮೇಲೆ ಕುಳಿತು ನಮ್ಮಮ್ಮನಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಕೇಂದ್ರ ಮುಚ್ಚಿದೆ, ಶೀತಗೃಹದಲ್ಲಿಟ್ಟ ಮೊಟ್ಟೆಗಳ ಅವಧಿ ಮುಗಿಯುತ್ತಿದೆ, ಹುಳ ಸಾಕಲು ಜಾಗವಿಲ್ಲ, ನಿಮ್ಮ ಹುಳುಮನೆಯಲ್ಲಿ ಜಾಗ ಕೊಡುತ್ತೀರಾ ಎಂದು ಕೇಳಿದರು. "ಒಂದು ಮಾತು ಮೊದಲೇ ಹೇಳಿಬಿಡ್ತೀನಮ್ಮ. ಇದು ಬದುಕುತ್ತೆ ಅಂತ ನಾನು ಹೇಳಲ್ಲ. ಸತ್ತರೂ ಸಾಯಬಹುದು."

ಅಮ್ಮ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಿದಳು. "ಬೇಸ್ಗೇಲಿ ಯಾವ ಹುಳ ಗ್ಯಾರಂಟಿ ಕೊಟ್ಟದು ಮೇಡಮ್ಮೋರೆ? ಅರ್ಧ ಮನೆ ನೀವು ಇಟ್ಕಳಿ, ಅರ್ಧ ಮನೇಲಿ ನಾವು ನಮ್ ಮಾಮೂಲಿ ಹುಳ ಇಟ್ಕತೀವಿ. ಒಸಿ ಸೊಪ್ಪು ಜಾಸ್ತಿ ಬೇಕಾಯ್ತದೆ, ನೋಡ್ಕಳಾಣ ಬುಡಿ."

ಹಾಗೆ ನಮ್ಮ ಹುಳುಮನೆಯ ನಡುವೆ ಒಂದು ಪರದೆ ಬಿತ್ತು. ಮೇಡಂ ರಜೆ ಹಾಕಿ ಹಾಕಿ ಬರುತ್ತಿದ್ದರು. ಬೆಂಗಳೂರಿನಿಂದ ಕನಕಪುರದ ಬಸ್ಸು, ಅಲ್ಲಿಂದ ನಮ್ಮೂರಿನ ಬಸ್ಸು. ಕಿಟಕಿಗಳಿಗೆ ಗೋಣಿತಾಟು ಕಟ್ಟಿ ಗಂಟೆಗೊಮ್ಮೆ ನೀರು ಚಿಮುಕಿಸುತ್ತಿದ್ದೆವು. ಊಟಕ್ಕೆ ಅಮ್ಮ ಮಾಡಿದ ಮುದ್ದೆಯನ್ನು ಅವರು ಮೊದಲು ಅಗಿಯಲು ಹೋಗಿ ಪೇಚಾಡಿದರು. ನುಂಗುವುದನ್ನು ಅಮ್ಮ ಹೇಳಿಕೊಟ್ಟಳು. ಹುಳುಗಳೂ ಚೆನ್ನಾಗಿಯೇ ತಿಂದವು. ಬಣ್ಣ ಚೆನ್ನಾಗಿತ್ತು, ಬೆಳವಣಿಗೆ ಚೆನ್ನಾಗಿತ್ತು. ಹುಳು ಪೊರೆ ಕಳಚುವ ಕಾಲಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ನಾಲ್ಕನೆಯ ಜ್ವರವೂ ಸುಸೂತ್ರವಾಗಿ ಮುಗಿದಾಗ ನಾನು ಗೆದ್ದೆವು ಎಂದುಕೊಂಡೆ. ಸಹಿ ಹಾಕಬಹುದಿತ್ತಲ್ಲ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು.

ಆ ವಾರ ಬಿಸಿಲು ಏರಿತು. ಬೆಟ್ಟದ ಕಡೆಯ ಗಾಳಿಯೂ ನಿಂತಿತು. ಎರಡೇ ದಿನದಲ್ಲಿ ಮೇಡಂ ಕಡೆಯ ಹುಳುಗಳು ಸೊಪ್ಪು ತಿನ್ನುವುದನ್ನು ಬಿಟ್ಟವು. ಮೈ ಮೆತ್ತಗಾಗಿ, ಬಾಯಲ್ಲಿ ನೀರು ಸುರಿಸಿಕೊಂಡು, ತಟ್ಟೆಯ ಅಂಚಿಗೆ ಬಂದು ಜೋತುಬಿದ್ದವು. ಸಪ್ಪೆ ರೋಗ. ಪರದೆಯ ಆಚೆ ನಮ್ಮ ಮಾಮೂಲಿ ಹುಳುಗಳಲ್ಲೂ ಕೆಲವು ಸತ್ತವು, ಆದರೆ ಹೆಚ್ಚಿನವು ಬಲಿತು ಹಣ್ಣಾಗಿ ಗೂಡು ಕಟ್ಟಲು ಹತ್ತಿದವು. ಈಚೆ ಕಡೆ ಹೆಚ್ಚುಕಡಿಮೆ ಎಲ್ಲವೂ ಹೋದವು.

ಮೇಡಂ ಆ ಮಧ್ಯಾಹ್ನ ಬಂದರು. ಬಾಗಿಲಲ್ಲಿ ಬ್ಲೀಚಿಂಗ್ ನೀರು ತುಳಿದು ಒಳಗೆ ಹೋದರು, ತಟ್ಟೆಯಿಂದ ತಟ್ಟೆಗೆ ನೋಡಿದರು. ನಮ್ಮನ್ನು ಮುಟ್ಟಗೊಡದೆ ಸತ್ತ ಹುಳುಗಳನ್ನೆಲ್ಲ ತಾವೇ ಆರಿಸಿ ಬುಟ್ಟಿಗೆ ಹಾಕಿದರು. ಹಿತ್ತಲಲ್ಲಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದೆವು. ಮಣ್ಣು ಮೆಟ್ಟಿ ಗಟ್ಟಿಮಾಡಿದ ಮೇಲೆ ಮೇಡಂ ಅಲ್ಲೇ ಕುಳಿತು ಸೆರಗಿನಿಂದ ಮುಖ ಮುಚ್ಚಿಕೊಂಡರು. ಅವರು ಅತ್ತದ್ದನ್ನು ನಾನು ನೋಡಿದ್ದು ಆ ಒಂದೇ ಸಲ.

ಅಮ್ಮ ಚೊಂಬಿನಲ್ಲಿ ನೀರು ತಂದು ಪಕ್ಕದಲ್ಲಿಟ್ಟಳು. "ಅಳಿ, ಅತ್ತು ಬುಡಿ. ನಾನೂ ಎಷ್ಟು ಬೆಳೆಗೆ ಹಿಂಗೇ ಕುಂತ್ಕಂಡು ಅತ್ತಿವ್ನಿ. ಆಮೇಲೆ ಕೈ ತೊಳ್ಕಂಡು ಬನ್ನಿ, ಕಾಫಿಗಿಡ್ತೀನಿ."

ಕಾಫಿ ಕುಡಿದು ಮೇಡಂ ಮತ್ತೆ ಒಳಗೆ ಹೋದರು. ಅಷ್ಟು ಹುಳುಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಚಂದ್ರಂಕಿ ಹತ್ತಿ, ಆ ಬಿದಿರಿನ ಚಾಪೆಯ ಸಂದಿಗಳಲ್ಲಿ ಗೂಡು ಕಟ್ಟುತ್ತಿದ್ದವು. ಅದರ ಮುಂದೆ ಮಂಡಿಯೂರಿ ಕುಳಿತರು. ಗೂಡುಗಳನ್ನು ಒಂದೊಂದಾಗಿ ಎಣಿಸಿ, "ಇವು ಯಾಕೆ ಸಾಯಲಿಲ್ಲ, ನೋಡೋಣ" ಎಂದರು. ದನಿ ಎಂದಿನಂತೆ ಆಗಿತ್ತು.

ಮರುವಾರವೇ ಸಮಿತಿಗೆ ಬರೆದರು, ನನ್ನ ತಳಿ ಬೇಸಿಗೆಗೆ ಆಗಿಬರುವುದಿಲ್ಲ ಎಂದು. ಉತ್ತರ ಬರಲಿಲ್ಲ. ನಾನು ಕನಕಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿ, ಸಂಜೆಗಳಲ್ಲಿ ಪ್ರಬಂಧ ಬರೆದೆ. ಹೊಸ ತಳಿಯ ಗುಣಗಳ ಬಗ್ಗೆ ಇರಬೇಕಿದ್ದ ಪಿಎಚ್‌ಡಿ, ಅದು ಏಕೆ ಸತ್ತಿತು ಎಂಬುದರ ಬಗ್ಗೆ ಆಯಿತು. ಇಂಥದ್ದಕ್ಕೆ ಯಾರು ಪದವಿ ಕೊಡುತ್ತಾರೆ ಎಂದು ನಾನು ಅಂಜಿದರೆ, ಮೇಡಂ ಪ್ರತಿ ಅಧ್ಯಾಯವನ್ನೂ ತಿದ್ದಿ ಕಳಿಸುತ್ತಿದ್ದರು. "ಸತ್ತಿದ್ದನ್ನ ಸತ್ತಿದೆ ಅಂತ ಬರೆದಿದ್ದೀಯ. ಇದು ಕಡಮೆ ಕೆಲಸ ಅಲ್ಲ ಹುಡುಗಿ" ಎಂದು ಒಂದು ಪುಟದ ಅಂಚಿನಲ್ಲಿ ಬರೆದಿದ್ದರು. ಪದವಿ ಬಂತು. ಇಂದು ನಾನು ತರಗತಿಯಲ್ಲಿ ನಿಂತು ಮಕ್ಕಳ ಪ್ರಶ್ನೆಗೆ ಗೊತ್ತಿಲ್ಲ ಎನ್ನಬೇಕಾದಾಗ ನಾಚಿಕೆಯಾಗದೆ ಎನ್ನಬಲ್ಲೆನಾದರೆ ಅದು ಅವರು ಕೊಟ್ಟದ್ದು.

ಬದುಕಿದ ಆ ನಾಲ್ಕಾರು ಗೂಡುಗಳ ಸಂತತಿಯನ್ನು ನಮ್ಮ ಮನೆಯ ಪರದೆಯ ಹಿಂದೆಯೇ ಇನ್ನೂ ಕೆಲವು ಬೆಳೆ ಸಾಕಿದೆವು. ಕೊನೆಗೆ ಪಕ್ಕದ ರಾಜ್ಯದ ಕೇಂದ್ರವೊಂದು ಅದನ್ನು ತೆಗೆದುಕೊಂಡು ಒಂದು ಸಂಖ್ಯೆ ಕೊಟ್ಟು ಇಟ್ಟುಕೊಂಡಿದೆ. ಅದು ಎಂದಾದರೂ ರೈತರ ಮನೆಗೆ ಹೋಗುತ್ತದೋ ಇಲ್ಲವೋ ನನಗೆ ತಿಳಿಯದು.

ನಿವೃತ್ತಿಯಾದ ಮರುವರ್ಷವೇ ಮೇಡಂ ಕಾಯಿಲೆಯಿಂದ ಹೋದರು. ಸುದ್ದಿ ತಿಳಿದು ಅಮ್ಮನೂ ನಾನೂ ಮೈಸೂರಿಗೆ ಹೋದೆವು. ಅವರ ಅಣ್ಣ ನಮ್ಮನ್ನು ಒಳಗೆ ಕೂರಿಸಿದರು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ತಂಗಿಯನ್ನು ಬಹಳ ಹಚ್ಚಿಕೊಂಡಿದ್ದವರು. ಮಾತಿನ ಮಧ್ಯೆ, "ಇಡೀ ಜೀವಮಾನ ಹುಳ ಹುಳ ಅಂತ ಕಳೆದಳು. ಅವಳ ತಳಿ ಕೊನೆಗೂ ಬಿಡುಗಡೆ ಆಗಲೇ ಇಲ್ಲವಂತಲ್ಲ" ಎಂದು ನಿಟ್ಟುಸಿರಿಟ್ಟರು.

ಅಮ್ಮ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು.

"ಆಗ್ಲಿಲ್ಲ ಕಣಪ್ಪ. ಅವರು ಬುಡ್ಲಿಲ್ಲ" ಎಂದಳು. "ಅದ್ಕೇಯ ಆ ಬೇಸ್ಗೇಲಿ ನಮ್ಮೂರ್ನೋರೆಲ್ಲ ಮಾಮೂಲಿ ಹುಳನೇ ಇಟ್ಟು ಗೂಡು ಬುಡಿಸ್ಕಂಡಿದ್ದು."