ರಾಕ್ಷಸನ ಮನೆಯ ಬಾಡಿಗೆದಾರ

ಇಳಕಲ್ಲಿಗೆ ಬಂದ ಹನ್ನೊಂದನೇ ದಿನ ಬೆಳಿಗ್ಗೆ ರಾಕ್ಷಸನೊಬ್ಬ ನನ್ನ ಬಾಗಿಲು ತಟ್ಟಿ ಕೊಬ್ಬರಿ ಎಣ್ಣೆ ಕೇಳಿದ. ಕೆಂಪು ಮುಖ, ಹುಬ್ಬಿನ ಮೇಲೆ ಬಿಳಿ ಚುಕ್ಕಿಗಳ ಸಾಲು, ಕಿವಿಯವರೆಗೆ ಎಳೆದ ಕಪ್ಪು ಮೀಸೆ. ಕಿರೀಟ ಕಂಕುಳಲ್ಲಿತ್ತು.

"ನೀವು ಮೈಸೂರವ್ರು ತಲಿಗೆ ಕೊಬ್ರಿ ಎಣ್ಣಿ ಹಚ್ಚೋರಲ್ರಿ, ಒಂದೀಟ ಕೊಡ್ರಿ. ಈ ಬಣ್ಣ ನೀರಿಗೆ ಬಿಡೂದಿಲ್ಲ."

ದನಿಯಿಂದ ಗುರುತು ಸಿಕ್ಕಿತು. ಮನೆಯ ಮಾಲೀಕ, ನೇಕಾರ ಸಂಗಪ್ಪ. ಹಿಂದಿನ ರಾತ್ರಿ ಓಣಿಯವರು ಆಡಿದ ದೊಡ್ಡಾಟದಲ್ಲಿ ಅವನದೇ ರಾಕ್ಷಸನ ವೇಷ. ದೊಡ್ಡಾಟವೆಂದರೆ ನಮ್ಮ ಕಡೆಯ ಮೂಡಲಪಾಯದ ಹಾಗೆ ಬೆಳಗಾಗುವವರೆಗೆ ನಡೆಯುವ ಬಯಲಾಟ.

ಅದು ಎಪ್ಪತ್ತರ ದಶಕದ ಕೊನೆ. ಹುನಗುಂದ ತಾಲ್ಲೂಕಿನ ಸುದ್ದಿ ಬರೆಯಲು ಪತ್ರಿಕೆ ನನ್ನನ್ನು ಇಲ್ಲಿಗೆ ಕಳಿಸಿತ್ತು. ಮೈಸೂರಿನ ಓದುಗರಲ್ಲಿ ನನ್ನನ್ನು ಕಂಡವರಿಗೆ ಗೊತ್ತು: ನನ್ನ ಎಡಗೆನ್ನೆ, ತುಟಿ, ಎರಡೂ ಕೈಗಳ ಮೇಲೆ ತೊನ್ನಿನ ಬಿಳಿ ಮಚ್ಚೆಗಳಿವೆ. ಅಂಟುವ ರೋಗವಲ್ಲ. ಆದರೂ ಆರು ಮನೆಗಳಲ್ಲಿ ಬಾಡಿಗೆಗೆ ಜಾಗವಿಲ್ಲ ಎಂದರು. ಎರಡು ಮನೆಗಳ ಮೇಲೆ 'ಬಾಡಿಗೆಗಿದೆ' ಎಂಬ ಫಲಕ ಆಮೇಲೂ ತೂಗುತ್ತಿತ್ತು.

ಏಳನೆಯವನು ಸಂಗಪ್ಪ. ಮಗ್ಗದ ಕುಣಿಯಿಂದ ಏಳದೆಯೇ ನನ್ನ ಮುಖವನ್ನು ಉಳಿದವರಿಗಿಂತ ಹೆಚ್ಚು ಹೊತ್ತು ನೋಡಿದ.

"ಉರೀತೈತೇನ್ರಿ?"

"ಇಲ್ಲ. ಬಿಸಿಲಿಗೆ ಮಾತ್ರ ಸ್ವಲ್ಪ."

"ಹಂಗಾರ ಒಳಗಿನ ಖೋಲಿ ತಗೋರಿ. ತಂಪ ಐತಿ."

ಖೋಲಿ ಎಂದರೆ ಕೋಣೆ. ಅಷ್ಟು ಸಲೀಸಾಗಿ ಸಿಕ್ಕಿದ್ದು ಅಷ್ಟೇ ಬೇಗ ಕೈತಪ್ಪುವಂತಾಯಿತು. ಓಣಿಗೆಲ್ಲ ಇರುವುದು ಒಂದೇ ಸೇದುವ ಬಾವಿ. ಎದುರು ಮನೆಯ ಗಂಗವ್ವ ಮೂರನೇ ದಿನವೇ ಬಂದು ನನಗೆ ಕೇಳಿಸುವಂತೆ ಹೇಳಿದಳು: "ಆ ಮನಶ್ಯಾ ಹಗ್ಗ ಮುಟ್ಟಬಾರ್ದು, ಸಂಗಣ್ಣಾ. ನಮ್ಮನ್ಯಾಗ ಸಣ್ಣ ಹುಡುಗಿ ಐತಿ. ಅಮಾಸಿ ಒಳಗ ಖೋಲಿ ಬಿಡಸು, ಇಲ್ಲಂದ್ರ ಹಿರ್‍ಯಾರನ್ನ ಕೂಡಸ್ತೇನಿ."

ಸಂಗಪ್ಪ ವಾದಿಸಲಿಲ್ಲ. ಅಂದಿನಿಂದ ನನ್ನ ಪಾಲಿನ ನೀರನ್ನು ತಾನೇ ಸೇದಿ ತಂದಿಡುತ್ತಿದ್ದ. ಈ ಮನೆಯೂ ಹೋದರೆ ಎಂಟನೆಯದನ್ನು ಹುಡುಕುವ ಧೈರ್ಯ ನನಗಿರಲಿಲ್ಲ. ಮೈಸೂರಿಗೆ ಮರಳುತ್ತೇನೆಂದು ಸಂಪಾದಕರಿಗೆ ಕಾಗದ ಬರೆದು ಟ್ರಂಕಿನಲ್ಲಿ ಇಟ್ಟುಕೊಂಡಿದ್ದೆ.

ಉಳಿದದ್ದನ್ನು ಕಲಿಯುವುದು ಸುಲಭವಿತ್ತು. ಖಡಕ್ ರೊಟ್ಟಿಯನ್ನು ಸದ್ದಿಲ್ಲದೆ ಮುರಿಯಲಾಗದು ಎಂದು ಮೊದಲ ದಿನವೇ ತಿಳಿಯಿತು. ಚಹಾದಂಗಡಿಯಲ್ಲಿ "ದಯವಿಟ್ಟು ಸಕ್ಕರೆ ಕಡಿಮೆ ಹಾಕಿ" ಎಂದರೆ, "ಸಾಲಿ ಪುಸ್ತಕ ಓದಿದಂಗ ಮಾತಾಡ್ತೀರಲ್ರಿ!" ಎಂದು ಕುಳಿತವರೆಲ್ಲ ನಗುತ್ತಿದ್ದರು. ಆ ನಗುವಿನಿಂದ ನೋವಾಗಲಿಲ್ಲ. ಮುಖ ಬಿಟ್ಟು ಬೇರೆ ಯಾವುದಕ್ಕೋ ನಗುತ್ತಿದ್ದರಲ್ಲ.

ಅಮಾವಾಸ್ಯೆಗೆ ನಾಲ್ಕು ದಿನ ಉಳಿದಿತ್ತು, ರಾಕ್ಷಸ ಎಣ್ಣೆ ಕೇಳಿದಾಗ. ಸೀಸೆ ತಂದುಕೊಟ್ಟು ಅವನ ಜೊತೆ ಕಟ್ಟೆಗೆ ಬಂದರೆ, ಆಗಲೇ ಐದಾರು ತಾಯಂದಿರು ಮಕ್ಕಳನ್ನೆತ್ತಿಕೊಂಡು ನಿಂತಿದ್ದರು. ಈ ಓಣಿಯ ರೂಢಿ ಅದು: ಆಟದಲ್ಲಿ ರಾಕ್ಷಸನನ್ನು ಕಂಡು ಬೆಚ್ಚಿದ ಮಕ್ಕಳನ್ನು ಬೆಳಿಗ್ಗೆ ಬಣ್ಣ ತೊಳೆಯುವ ಮುನ್ನ ಅವನ ತೊಡೆಯ ಮೇಲೆ ಕೂರಿಸುತ್ತಾರೆ. ಮಗು ಮೀಸೆ ಮುಟ್ಟಿದರೆ ಅಂಜಿಕೆ ಬಿಟ್ಟಿತೆಂದು ಲೆಕ್ಕ. ಸಂಗಪ್ಪ ಒಬ್ಬೊಬ್ಬರನ್ನೇ ಕೂರಿಸಿಕೊಂಡು "ನಿಮ್ಮನ್ಯಾಗ ನಾಷ್ಟಾ ಏನಲೇ?" ಎಂದು ವಿಚಾರಿಸಿದ.

ಅವರೆಲ್ಲ ಹೋದಮೇಲೆ ಗಂಗವ್ವ ಓಡಿಬಂದಳು, ಕಂಕುಳಲ್ಲಿ ನಾಲ್ಕು ವರ್ಷದ ಮಗಳು ನೀಲಿ. ಸಂಗಪ್ಪ ಆಗಲೇ ಅರ್ಧ ಮುಖ ಒರೆಸಿದ್ದ. ಅಲ್ಲಲ್ಲಿ ಕೆಂಪು, ಅಲ್ಲಲ್ಲಿ ಚರ್ಮ. ನೀಲಿ ಅವನನ್ನು ನೋಡಿದಳು. ಪಕ್ಕದಲ್ಲಿದ್ದ ನನ್ನನ್ನು ನೋಡಿದಳು.

"ಯವ್ವಾ, ಈ ಮಾಮಾಂದೂ ಅರ್ಧಾ ತೊಳದೈತಿ!"

ಸರಕ್ಕನೆ ಜಾರಿ ಇಳಿದವಳು ಎಣ್ಣೆಯಲ್ಲಿ ಬೆರಳದ್ದಿ ನನ್ನ ಕೆನ್ನೆ ಉಜ್ಜತೊಡಗಿದಳು. ಬೇರೆಯವರ ಕೈ ನನ್ನ ಮುಖಕ್ಕೆ ತಾಗಿ ಎಷ್ಟೋ ವರ್ಷವಾಗಿತ್ತು. ನಾನು ಅಲುಗಾಡಲಿಲ್ಲ. ಗಂಗವ್ವ ಚಾಚಿದ ಕೈ ಚಾಚಿದಲ್ಲೇ ನಿಂತಿತು.

"ಹೋಗವಲ್ದು," ಎಂದಳು ನೀಲಿ ಬೇಸರದಿಂದ.

"ಅವರ್ದು ಖಾಯಂ ಬಣ್ಣವ್ವಾ," ಎಂದ ಸಂಗಪ್ಪ. "ನನಗಿಂತ ದೊಡ್ಡ ಕಲಾವಿದರು."

ಗಂಗವ್ವ ಸೆರಗು ಬಾಯಿಗಿಟ್ಟುಕೊಂಡರೂ ನಗು ಹೊರಬಂತು. ಮಗಳ ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ಅಲ್ಲಿ ಎಣ್ಣೆ ಬಿಟ್ಟರೆ ಏನೂ ಇರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ನಾನೇ ಕೊಡ ಹಿಡಿದು ಬಾವಿಗೆ ಹೋದೆ. ಗಂಗವ್ವ ತನ್ನ ಕೊಡ ತುಂಬಿಕೊಂಡು ಹಗ್ಗವನ್ನು ನನ್ನತ್ತ ನೀಡಿದಳು.

"ಹಿಡೀರಿ, ನಿಮ್ಮ ಪಾಳಿ. ಎಷ್ಟ ದಿನ ಅಂತ ಆ ರಾಕ್ಷಸನ ಕಡೆ ನೀರ ಸೇದಸ್ತೀರಿ?"

ಮನೆ ಮುಟ್ಟುವಷ್ಟರಲ್ಲಿ ಅರ್ಧ ಕೊಡ ಚೆಲ್ಲಿತ್ತು. ಟ್ರಂಕಿನಲ್ಲಿದ್ದ ಕಾಗದವನ್ನು ಒಲೆಗೆ ಹಾಕಿದೆ.

ಮುಂದಿನ ವರ್ಷ ತಂಗಿಯನ್ನು ನೋಡಲು ಗಂಡಿನವರು ಬರುತ್ತಾರೆಂದು ಮೈಸೂರಿಗೆ ಹೋಗಿದ್ದೆ. ಅವರು ಹೋಗುವವರೆಗೆ ಹಿಂದಿನ ಕೋಣೆಯಲ್ಲಿರು ಎಂದರು ಅಮ್ಮ. ಕೆಟ್ಟ ಮನಸ್ಸಿನಿಂದಲ್ಲ. ಉಪ್ಪಿಟ್ಟಿನ ಮೊದಲ ತಟ್ಟೆ ನನಗೇ ಬಂತು. ಮೈಸೂರಿನಲ್ಲಿ ನನ್ನ ಮಾತು ಊರಿನದು, ಮುಖ ಪರವೂರಿನದು. ಇಳಕಲ್ಲಿನಲ್ಲಿ ಮುಖ ಹಳತಾಗಿದೆ, ಬಾಯಿ ತೆರೆದರೆ ಈಗಲೂ ನಗುತ್ತಾರೆ.

ಹೊರಡುವಾಗ ಅಮ್ಮ ಚೀಲದಲ್ಲಿ ಕೊಬ್ಬರಿ ಎಣ್ಣೆಯ ದೊಡ್ಡ ಸೀಸೆ ಇಟ್ಟರು. ಇಳಕಲ್ಲಿಗೆ ಮರಳಿದಾಗ ಓಣಿಯ ತಿರುವಿನಲ್ಲಿ ನೀಲಿ ಕೂಗಿದಳು, "ಅರ್ಧಾ ತೊಳದ ಮಾಮಾ ಬಂದ!" ಆ ಎಣ್ಣೆಯಲ್ಲಿ ಅರ್ಧವನ್ನು ಸಂಗಪ್ಪನ ಬಣ್ಣಕ್ಕೆಂದು ಕೊಟ್ಟೆ. ಉಳಿದರ್ಧ ನನ್ನ ತಲೆಗೆ.