ಬಿಂದು ಅಳಿಸುವ ಮೇಡಂ ಮತ್ತು ಅಮ್ಮನ ಕುರ್ಚಿ

ಕಂಪ್ಯೂಟರ್ ಪರದೆಯ ಮೇಲೆ ಗೆರೆಗಳನ್ನೆಳೆದು, ಆ ಗೆರೆಗಳಿಗೆ ನಯವಾದ ಮೈ ಹೊದಿಸುವ ವಿದ್ಯೆಯಲ್ಲಿ, ಗಾಲಿಕುರ್ಚಿಯ ಆಸನಗಳನ್ನು ತಯಾರಿಸುವ ನಮ್ಮ ಕಾರ್ಖಾನೆಯಲ್ಲಷ್ಟೇ ಅಲ್ಲ, ಈ ಉದ್ಯಮದಲ್ಲೇ ನಮ್ಮ ಮುಖ್ಯ ವಿನ್ಯಾಸಕಿಯವರಿಗೆ ಸರಿಸಾಟಿಯಾದವರು ವಿರಳ. ಇದೀಗ ನಿವೃತ್ತರಾಗಿರುವ ಅವರ ತಾಳ್ಮೆಯನ್ನು ಕುರಿತು ಈ ಅಭಿನಂದನಾ ಸಂಪುಟದಲ್ಲಿ ಹಲವರು ಬರೆದಿರುತ್ತಾರೆ. ಅವರ ಕೈಕೆಳಗೆ ದುಡಿದವರ ತಾಳ್ಮೆಯನ್ನು ಕುರಿತೂ ಯಾರಾದರೂ ಬರೆಯಬೇಕಲ್ಲ! ಆ ಭಾರ ನನ್ನ ತಲೆಗೆ ಬಿದ್ದಿದೆ.

ನಾನು ತರಬೇತಿಗೆಂದು ಸೇರಿದ ದಿನವೇ ಅವರಿಗೆ ‘ರಬ್ಬರ್ ಮೇಡಂ’ ಎಂಬ ಅಡ್ಡಹೆಸರಿರುವುದು ತಿಳಿಯಿತು. ಕಾರಣ ತಿಳಿಯಲು ಸಂಜೆಯವರೆಗೂ ಕಾಯಬೇಕಾಗಲಿಲ್ಲ. ಆಸನದ ಉದ್ದಕ್ಕೂ ಅಲ್ಲಲ್ಲಿ ಅಡ್ಡಗೆರೆಗಳನ್ನು ಎಳೆದುಕೊಟ್ಟರೆ ಕಂಪ್ಯೂಟರು ಒಂದರಿಂದ ಇನ್ನೊಂದಕ್ಕೆ ಮೈ ಹೊದಿಸುತ್ತ ಹೋಗುತ್ತದೆ. ಇದನ್ನು ನಾವು ಲಾಫ್ಟ್ ಎನ್ನುತ್ತೇವೆ. ಒಂದು ಗೆರೆ ಎಡದಿಂದ, ಮುಂದಿನದು ಬಲದಿಂದ ಶುರುವಾದರೆ ಆ ಮೈ ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ; ಗೆರೆಯನ್ನು ಬಾಗಿಸಲು ಕೂರಿಸುವ ಬಿಂದುಗಳು ಬೇಕಾದ್ದಕ್ಕಿಂತ ಹೆಚ್ಚಾದರೆ ಸುಕ್ಕುಗಟ್ಟುತ್ತದೆ. ನಾನು ಬೆವರು ಸುರಿಸಿ ಕೂರಿಸಿದ ಬಿಂದುಗಳನ್ನು ಅವರು ಬೆನ್ನ ಹಿಂದೆ ನಿಂತು ನೋಡಿ, “ಮೌಸ್ ಕೊಡು ಇಲ್ಲಿ” ಎಂದು ಕಿತ್ತುಕೊಂಡು, ಒಂದೊಂದಾಗಿ ಅಳಿಸುತ್ತಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಶಾಲೆಯಲ್ಲಿ ಓದಿದ್ದೆ, ಅರ್ಥ ಇಲ್ಲಿ ತಿಳಿಯಿತು.

“ಮೇಡಂ, ಕಣ್ಣಿಗೆ ಚೆನ್ನಾಗೇ ಕಾಣ್ತಿದೆಯಲ್ಲಾ?” ಎಂದು ಒಮ್ಮೆ ಕೇಳಿಯೇಬಿಟ್ಟೆ.

“ಕಣ್ಣಲ್ಲಿ ಯಾರಪ್ಪಾ ಕೂತ್ಕೋತಾರೆ?”

ಹೀಗೆ ಅಳಿಸಿಕೊಳ್ಳುತ್ತಲೇ ನಾನು ಹಿರಿಯ ವಿನ್ಯಾಸಕನೂ ಆದೆ. ಅಷ್ಟರಲ್ಲಿ ಅಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಅಂಗಡಿಯಿಂದ ತಂದ ಗಾಲಿಕುರ್ಚಿಯಲ್ಲಿ ಕೂತು ಕೂತು ಎಡತೊಡೆಯ ಕೆಳಗೆ ಹುಣ್ಣಾಯಿತು. ಮೈಗೆ ಹೊಂದುವ ಆಸನ ಬರುವವರೆಗೆ ಕೂರಲೇಬಾರದೆಂದು ವೈದ್ಯರು ಹೇಳಿದರು. “ಗೋಡೆ ನೋಡ್ಕೊಂಡು ಎಷ್ಟು ದಿನ ಮಲಗ್ಲೋ?” ಎಂದು ಅಮ್ಮ ದಿನವೂ ಕೇಳುತ್ತಿದ್ದರು. ಅವರನ್ನು ಒತ್ತಿದ ಗುರುತು ಉಳಿಯುವ ಫೋಮಿನ ಮೇಲೆ ಎತ್ತಿ ಕೂರಿಸಿ ಅಚ್ಚು ತೆಗೆದೆ, ಅದನ್ನು ಕಂಪ್ಯೂಟರಿಗಿಳಿಸಿ ಗೆರೆಗಳನ್ನೆಳೆದು ಲಾಫ್ಟ್ ಮುಗಿಸಿದೆ. ಇನ್ನು ಮೇಡಂ ಒಪ್ಪಿಗೆಯೊಂದು ಬಾಕಿ.

ಪರದೆಯ ಆಸನದ ಮೇಲೆ ಕಪ್ಪು ಬಿಳುಪಿನ ಪಟ್ಟೆಗಳನ್ನು ಹಾಯಿಸಿ ನೋಡುವುದು ಅವರ ಪದ್ಧತಿ. ಮೈ ನಯವಾಗಿದ್ದರೆ ಪಟ್ಟೆ ಹರಿಯುತ್ತದೆ, ಇಲ್ಲದಿದ್ದರೆ ಮುರಿಯುತ್ತದೆ. ಎಡತೊಡೆಯ ಕೆಳಗೆ ಮುರಿಯಿತು.

“ಏನಿದು?”

“ಅಮ್ಮನ ಮೈ ಹೇಗಿದೆಯೋ ಹಾಗೇ ಇಳಿಸಿದ್ದೀನಿ ಮೇಡಂ. ಒಂದು ಉಬ್ಬನ್ನೂ ಬಿಟ್ಟಿಲ್ಲ.”

“ಇದು ಅಮ್ಮನ ಮೈ ಅಲ್ಲಪ್ಪಾ. ಕೂರಿಸಿದಾಗ ಬಟ್ಟೆ ಮಡಚ್ಕೊಂಡಿದೆ. ಮಡಿಕೆಗೂ ಕುರ್ಚಿ ಮಾಡಿದ್ದೀಯಲ್ಲೋ!”

ಒಂದು ಮಡಿಕೆ ತಾನೇ, ಅಳಿಸಿ ಮುಗಿಸಬಹುದಿತ್ತು. ಮುಗಿಸಿದರೇ? ಎಲ್ಲಾ ಗೆರೆಗಳನ್ನೂ ಅಳಿಸಿ, ಅಚ್ಚನ್ನೇ ಮತ್ತೆ ತೆಗೆಯಬೇಕೆಂದರು. ನನಗೆ ಪಿತ್ತ ನೆತ್ತಿಗೇರಿತು. “ಅಮ್ಮ ಅಲ್ಲಿ ಗೋಡೆ ನೋಡ್ಕೊಂಡು ಮಲಗಿದ್ದಾರೆ, ನೀವಿಲ್ಲಿ ಅಳಿಸ್ತಾ ಕೂತಿದ್ದೀರಾ!” ಎಂದು ಇಡೀ ವಿಭಾಗಕ್ಕೆ ಕೇಳುವಂತೆ ಕೂಗಿದೆ.

“ಆ ಮಡಿಕೆ ಕೆಳಗೆ ಮೈ ಹೇಗಿದೆ ಅಂತ ಅಚ್ಚಲ್ಲಿ ಇಲ್ಲ. ಊಹಿಸಿ ಮಾಡಿದ್ದು ಹುಣ್ಣಿರೋ ಜಾಗದಲ್ಲೇ ಒತ್ತಿದ್ರೆ ಅವರು ಮತ್ತೆ ಮಲಗ್ಬೇಕಾಗುತ್ತೆ. ಆಗ ಯಾರ ಮೇಲೆ ಕೂಗ್ತೀಯ?” ಎಂದರು, ದನಿಯೇರಿಸದೆ. ದನಿಯೇರಿಸಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಆ ಭಾನುವಾರ ಅವರೇ ಫೋಮಿನ ಪೆಟ್ಟಿಗೆ ಹೊತ್ತು ಮನೆಗೆ ಬಂದರು. “ನೀನು ಹೊರಗೆ ನಡಿ” ಎಂದು ನನ್ನನ್ನು ನನ್ನ ಮನೆಯಿಂದಲೇ ಅಟ್ಟಿ, ನನ್ನ ಹೆಂಡತಿಯನ್ನು ಜೊತೆಗಿಟ್ಟುಕೊಂಡು, ನೆಲದ ಮೇಲೆ ಮಂಡಿಯೂರಿ, ಬಟ್ಟೆಯನ್ನು ಬಿಗಿಯಾಗಿ ನೇರಮಾಡಿ ಅಚ್ಚು ತೆಗೆದರಂತೆ. ಬಲಗಡೆಯೂ ಉರಿ ಶುರುವಾಗಿರುವುದನ್ನು ಅಮ್ಮ ಅವರಿಗೆ ಹೇಳಿದರು. ನನಗೆ ಹೇಳಿರಲಿಲ್ಲ. “ಹೇಳಿದ್ರೆ ಅವನು ಒದ್ದಾಡ್ತಾನಮ್ಮಾ” ಎಂದರಂತೆ. ಮರುದಿನ ಆ ಮಾತು ಕೇಳಿ ನಾನು ಮೌಸನ್ನು ಮೇಡಂ ಕಡೆ ಸರಿಸಿದೆ. ಅವರು ತೆಗೆದುಕೊಳ್ಳಲಿಲ್ಲ. ಪಕ್ಕದಲ್ಲಿ ಕೂತು ನನ್ನಿಂದಲೇ ಎಳೆಸಿದರು. ಪ್ರತಿ ಗೆರೆಯೂ ಒಂದೇ ಕಡೆಯಿಂದ ಶುರು, ಒಂದು ಬಿಂದುವೂ ಹೆಚ್ಚಿಲ್ಲ. ಪಟ್ಟೆಗಳು ಈ ತುದಿಯಿಂದ ಆ ತುದಿಗೆ ಹರಿದ ಮೇಲೂ “ಇನ್ನೊಂದ್ಸಲ ನೋಡೋಣ” ಎಂದು ಪ್ರಾಣ ಹಿಂಡಿ, ಕೊನೆಗೂ ಒಪ್ಪಿದರು.

ಪೂಜ್ಯ ಮೇಡಂ ನೂರ್ಕಾಲ ಆರೋಗ್ಯದಿಂದಿರಲಿ. ಸಲಹೆಗಾರರಾಗಿ ವಾರಕ್ಕೊಮ್ಮೆ ಬರುವರೆಂಬ ಸುದ್ದಿಯಿದೆ. ಬರಲಿ, ಅಳಿಸಲಿ, ಸಾಧ್ಯವಾದರೆ ಬೇರೆಯವರದನ್ನು. ಕಳೆದ ತಿಂಗಳ ಬೀಳ್ಕೊಡುಗೆಗೆ ತಾನೂ ಬರುತ್ತೇನೆಂದು ಅಮ್ಮ ಹಟ ಹಿಡಿದರು. ಭಾಷಣಗಳು ಸಾಗಿದವೋ ಸಾಗಿದವು. ಆಡಳಿತಾಧಿಕಾರಿಗಳು ಕೂತರೆ ಲೆಕ್ಕಾಧಿಕಾರಿಗಳು ಎದ್ದರು. ಆಸನ ತಯಾರಿಸುವ ಕಾರ್ಖಾನೆಯ ಸಭಾಂಗಣದಲ್ಲಿರುವಷ್ಟು ಕೆಟ್ಟ ಕುರ್ಚಿಗಳು ಲೋಕದಲ್ಲಿ ಇನ್ನೆಲ್ಲೂ ಇರಲಾರವು. ಜನ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲುತ್ತಿದ್ದರು. ವೇದಿಕೆಯ ಮೇಲೆ ಮೇಡಂ ಕೂಡ ಮಿಸುಕಾಡುತ್ತಿದ್ದರು. ವಂದನಾರ್ಪಣೆ ಮುಗಿದು ಎಲ್ಲರೂ ಸೊಂಟ ಹಿಡಿದುಕೊಂಡು ಎದ್ದಾಗ, ಮುಂದಿನ ಸಾಲಿನಲ್ಲಿ ತಮ್ಮ ಗಾಲಿಕುರ್ಚಿಯ ಆ ಆಸನದಲ್ಲಿ ಕೂತಿದ್ದ ಅಮ್ಮ ನನ್ನ ತೋಳು ಜಗ್ಗಿ ಕೇಳಿದರು: “ಆಗ್ಲೇ ಮುಗೀತೇನೋ?”