ನನಗಿಂತ ಮೊದಲು ಅದು ಹೋಗಿದ್ದ ದಾರಿ

ಸ್ಯಾನ್ ಡಿಯೇಗೊ ಹತ್ತಿರದ ಪೊವೇಗೆ ನಾನು ಹೊರಟದ್ದು ಜೂನ್ ತಿಂಗಳ ಒಂದು ಶನಿವಾರ. ನನ್ನ ಎಡ ಕಿಡ್ನಿ ಮೂರು ವರ್ಷ ಮೊದಲೇ, ಕೋವಿಡ್ ಇನ್ನೂ ಮುಗಿಯದಿದ್ದ ಕಾಲದಲ್ಲಿ, ಐಸ್ ತುಂಬಿದ ಪೆಟ್ಟಿಗೆಯಲ್ಲಿ ಕೂತು ಅದೇ ದಿಕ್ಕಿಗೆ ಹೋಗಿತ್ತು. ಅದೇ ದಿನ ಸ್ಯಾನ್ ಡಿಯೇಗೊದಿಂದ ಇನ್ನೊಂದು ಪೆಟ್ಟಿಗೆ ಲಾಸ್ ಏಂಜಲಿಸ್‌ಗೆ ಬಂದಿತ್ತು. ಎರಡೂ ನಡುದಾರಿಯಲ್ಲಿ ಎದುರುಬದುರಾಗಿ ದಾಟಿರಬೇಕು ಎಂದು ನಮ್ಮ ಯಜಮಾನರು ಹೇಳಿ ಹೇಳಿ ನಗುತ್ತಿದ್ದರು.

ವಿಷಯ ಇಷ್ಟೆ. ನಮ್ಮವರ ಕಿಡ್ನಿ ಕೆಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆಯುತ್ತಿತ್ತು. ನಾನು ಕೊಡುತ್ತೇನೆಂದರೆ ರಕ್ತದ ಗುಂಪು ಕೂಡಿಬರಲಿಲ್ಲ. ನನ್ನದು ಎ, ಅವರದು ಬಿ. ಮೈಸೂರಿನಲ್ಲಿ ಜಾತಕ ಕೂಡಿಸಿ ಮದುವೆ ಮಾಡಿದ ಹಿರಿಯರು ಇದೊಂದನ್ನು ನೋಡಿರಲಿಲ್ಲ. ಆಸ್ಪತ್ರೆಯವರು ನಮ್ಮಂತೆಯೇ ಪೇಚಾಡುತ್ತಿದ್ದ ಇನ್ನೊಂದು ಜೋಡಿಯನ್ನು ಹುಡುಕಿದರು. ಪೊವೇಯ ಅಕ್ಕ ಮತ್ತು ತಮ್ಮ, ಫಿಲಿಪ್ಪೀನ್ಸ್ ಮೂಲದವರು. ಅಕ್ಕ ಲಿಂಡಾಳದು ಬಿ, ತಮ್ಮ ರಮೋನನದು ಎ. ಲಿಂಡಾ ನಮ್ಮವರಿಗೆ ಕೊಟ್ಟಳು, ನಾನು ರಮೋನನಿಗೆ ಕೊಟ್ಟೆ. ನಮ್ಮಲ್ಲಿ ಹೆಣ್ಣು ಕೊಟ್ಟು ಹೆಣ್ಣು ತರುತ್ತಿದ್ದರಲ್ಲ, ಹೆಚ್ಚುಕಡಿಮೆ ಹಾಗೆ.

ಎರಡೂ ಕಡೆಯವರು ಒಪ್ಪಿದರೆ ಭೇಟಿಯಾಗಬಹುದೆಂದು ಆಸ್ಪತ್ರೆಯವರು ಹೇಳಿದ್ದರು. “ರೈಲಲ್ಲೇ ಹೋಗೋಣ ಕಣೆ, ಸಮುದ್ರದ ಪಕ್ಕದಲ್ಲೇ ಹೋಗುತ್ತಂತೆ. ಸ್ವಲ್ಪ ಮೈಕೈ ತುಂಬಿಕೊಳ್ಳಲಿ, ಇರು” ಎನ್ನುತ್ತಿದ್ದರು ಇವರು. ಮೊದಲು ಕೋವಿಡ್ ಭಯ, ಆಮೇಲೆ ಇನ್ನೇನೋ ಮತ್ತೇನೋ. ಹೋದ ಚಳಿಗಾಲದಲ್ಲಿ ಎದೆನೋವು ಬಂದು ಒಂದೇ ದಿನದಲ್ಲಿ ಹೊರಟುಹೋದರು. ಕಿಡ್ನಿ ಕೊನೆಯವರೆಗೂ ಚೆನ್ನಾಗಿಯೇ ಇತ್ತು. ಲಿಂಡಾಳಿಗೆ ಈ ಸುದ್ದಿ ತಿಳಿಸಬೇಡಿ, ನಾನೇ ಹೇಳುತ್ತೇನೆ ಎಂದು ಆಸ್ಪತ್ರೆಯವರನ್ನು ತಡೆದಿದ್ದೆ. ಅವಳು ಫೋನ್ ಮಾಡಿ ಇಬ್ಬರನ್ನೂ ಊಟಕ್ಕೆ ಕರೆದಾಗ, ಬರುತ್ತೇನೆ ಎಂದೆನೇ ಹೊರತು ಅದನ್ನು ಹೇಳಲಿಲ್ಲ.

ರೆಡೊಂಡೊ ಬೀಚಿನ ಮನೆಯಿಂದ ಮಗಳು ಅನು ನನ್ನನ್ನು ಲಾಸ್ ಏಂಜಲಿಸ್ ಸ್ಟೇಷನ್ನಿಗೆ ಕರೆತಂದಳು.

“ಅಮ್ಮಾ, ಐ ಕ್ಯಾನ್ ಜಸ್ಟ್ ಡ್ರೈವ್ ಯು ದೇರ್.”

“ನಿಮ್ಮಪ್ಪ ರೈಲು ಅಂದಿದ್ರು ಕಣೆ.”

“ಬಟ್ ಅಪ್ಪ ಈಸ್ ನಾಟ್...” ಎಂದವಳು ಅಲ್ಲಿಗೇ ನಿಲ್ಲಿಸಿ, ನನ್ನ ಊಟದ ಚೀಲವನ್ನು ತಾನೇ ಹೊತ್ತು ಪ್ಲಾಟ್‌ಫಾರ್ಮಿನವರೆಗೂ ಬಂದಳು.

ದಕ್ಷಿಣಕ್ಕೆ ಹೋಗುವಾಗ ಸಮುದ್ರ ಬಲಗಡೆ ಸಿಗುತ್ತದೆ. ಬಲಗಡೆಯ ಕಿಟಕಿ ಸೀಟಿಗೆ ಚೀಲವನ್ನಿಟ್ಟು ಅದರ ಪಕ್ಕದಲ್ಲಿ ನಾನು ಕೂತೆ. ರೈಲು ಅರ್ಧದಷ್ಟು ಖಾಲಿಯಿತ್ತು, ಯಾರೂ ಆ ಜಾಗ ಕೇಳಲಿಲ್ಲ. ಮೊದಲ ಒಂದು ಗಂಟೆ ಗೋದಾಮುಗಳ ಹಿತ್ತಲು, ಕಾರುಗಳ ಸಾಲು. ಸ್ಯಾನ್ ಕ್ಲೆಮೆಂಟೆ ಹತ್ತಿರ ಒಮ್ಮೆಗೇ ಸಮುದ್ರ ಬಂತು, ಹಳಿಯ ಬುಡಕ್ಕೇ. ಜೂನ್ ತಿಂಗಳ ಮೋಡ ಕವಿದು ನೀರು, ಆಕಾಶ ಎಲ್ಲ ಒಂದೇ ಬೂದು ಬಣ್ಣ. “ನೋಡ್ರೀ” ಎಂಬ ಮಾತು ಬಾಯಿಗೆ ಬಂದೇಬಿಟ್ಟಿತು. ತಿರುಗಿ ನೋಡಿದರೆ ಸೀಟಿನಲ್ಲಿ ಚೀಲ.

ಬಾಯಾರಿತು. ಕಿಟಕಿಗೆ ಬೆನ್ನು ತಿರುಗಿಸಿ ಎರಡು ಗುಟುಕು ನೀರು ಕುಡಿದೆ. ಇದೊಂದು ಹಳೆಯ ಅಭ್ಯಾಸ. ಡಯಾಲಿಸಿಸ್ ಕಾಲದಲ್ಲಿ ಇವರಿಗೆ ದಿನಕ್ಕೆ ಇಷ್ಟೇ ನೀರು ಎಂದು ಕಟ್ಟುನಿಟ್ಟು. ಬಾಯಾರಿದವರ ಎದುರಿಗೆ ಲೋಟ ಎತ್ತುವುದು ಹೇಗೆ? ಅಡುಗೆಮನೆಗೆ ಹೋಗಿ ಗೋಡೆಯ ಕಡೆ ತಿರುಗಿ ಕುಡಿಯುತ್ತಿದ್ದೆ. ಆಪರೇಷನ್ ಆದಮೇಲೆ ಇವರು, “ಇನ್ನಾದರೂ ನನ್ನೆದುರಿಗೆ ಕುಡಿಯೇ, ಕದ್ದು ಕುಡೀತೀಯ ಅಂತ ನಂಗೆ ಗೊತ್ತಿಲ್ವಾ?” ಎಂದು ಛೇಡಿಸುತ್ತಿದ್ದರು. ಆದರೂ ಬೆನ್ನು ತಾನಾಗಿ ತಿರುಗುತ್ತಿತ್ತು.

ಸೊಲಾನಾ ಬೀಚ್ ಸ್ಟೇಷನ್ನಿನಲ್ಲಿ ಇಳಿದೆ. ಕರೆದೊಯ್ಯಲು ಬಂದಿದ್ದ ಲಿಂಡಾ ಐವತ್ತು ದಾಟಿದ ಗಿಡ್ಡ ಹೆಂಗಸು, ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ. ನನ್ನನ್ನು ಬಿಗಿಯಾಗಿ ಅಪ್ಪಿಕೊಂಡು, ನನ್ನ ಹೆಗಲ ಮೇಲಿಂದ ರೈಲಿನ ಬಾಗಿಲನ್ನೇ ನೋಡಿದಳು.

“ಅವರು?”

“ಬರಲಿಲ್ಲ” ಎಂದೆ. ದಣಿದಿರಬೇಕು ಎಂದುಕೊಂಡಳೋ ಏನೋ, ಮತ್ತೆ ಕೇಳಲಿಲ್ಲ. ಅರ್ಧ ಗಂಟೆಯ ಕಾರಿನ ದಾರಿಯಲ್ಲಿ ಮೋಡ ಹಿಂದೆ ಉಳಿದು, ಪೊವೇ ಮುಟ್ಟುವಾಗ ಬಿಸಿಲು ಚುರುಗುಟ್ಟುತ್ತಿತ್ತು.

ಬಾಗಿಲಲ್ಲಿ ರಮೋನ್ ನಿಂತಿದ್ದ. ನಲವತ್ತರ ಆಸುಪಾಸು, ಗಟ್ಟಿ ಆಳು. ನನ್ನ ಕೈ ಹಿಡಿದು ಬಗ್ಗಿ ತನ್ನ ಹಣೆಗೆ ಒತ್ತಿಕೊಂಡ. ಹಿರಿಯರಿಗೆ ಅವರಲ್ಲಿ ಹೀಗೆಯೇ ನಮಸ್ಕಾರವಂತೆ. ಅವನ ಕೆನ್ನೆಯಲ್ಲಿ ರಕ್ತ ತುಂಬಿತ್ತು. ಸುಳ್ಳೇಕೆ, ನನಗೆ ಹೊಟ್ಟೆ ಉರಿಯಿತು. ಇವರಿಗೆಂದು ಎತ್ತಿಟ್ಟದ್ದು ಇಲ್ಲಿ ಇಷ್ಟು ಚೆನ್ನಾಗಿ ಬದುಕಿದೆ, ಇವರೇ ಇಲ್ಲ. ಮರುಗಳಿಗೆಯೇ ಅವನ ತಲೆ ನೇವರಿಸಬೇಕೆನಿಸಿತು, ನೇವರಿಸಿದೆ.

ನಾನು ಸಸ್ಯಾಹಾರಿಯೆಂದು ಲಿಂಡಾ ಮೀನಿಲ್ಲದೆ ಹುಣಸೆಹಣ್ಣಿನ ಹುಳಿ ಸೂಪು ಮಾಡಿದ್ದಳು, ಜೊತೆಗೆ ಅನ್ನ. ನಮ್ಮ ಸಾರಿಗೆ ದೂರದ ನೆಂಟ ಎನ್ನಬಹುದು. ಮೇಜಿನ ಮೇಲೆ ನಾಲ್ಕು ತಟ್ಟೆಗಳಿದ್ದವು. ನಾನು ತಂದ ಆಲೂಗಡ್ಡೆ ಪಲ್ಯ ಬಡಿಸಿದೆ. ರಮೋನ್ ಒಂದು ತುತ್ತು ಬಾಯಿಗಿಟ್ಟು ಅಗಿಯುವುದನ್ನೇ ನಿಲ್ಲಿಸಿದ. ಆಮೇಲೆ ಲಿಂಡಾಳ ಕಡೆ ತಿರುಗಿ ಜೋರಾಗಿ ನಕ್ಕ.

“ಅಕ್ಕಾ, ಡಯಾಲಿಸಿಸ್ ಊಟ!”

ನನಗೆ ಆಗಲೇ ಹೊಳೆದದ್ದು. ಆಲೂಗಡ್ಡೆಯ ಪೊಟ್ಯಾಸಿಯಂ ಕಿಡ್ನಿ ರೋಗಿಗೆ ವಿಷ. ಅದಕ್ಕೇ ಹೆಚ್ಚಿ ರಾತ್ರಿಯೆಲ್ಲ ನೆನೆಸಿ, ಬೇಯಿಸಿ, ನೀರು ಬಸಿದು, ಉಪ್ಪಿಲ್ಲದೆ ಒಗ್ಗರಣೆ ಹಾಕುತ್ತಿದ್ದೆ. ರಮೋನನಿಗಾಗಲಿ ನನಗಾಗಲಿ ಈಗ ಅದರ ಅಗತ್ಯವಿಲ್ಲ. ಕೈ ಮಾತ್ರ ತನ್ನ ಪಾಡಿಗೆ ತಾನು ನೆನೆಸಿ, ಬಸಿದು ಮುಗಿಸಿತ್ತು.

ಲಿಂಡಾ ರುಚಿ ನೋಡಿ, “ನಾನೂ ಇವನಿಗೆ ವರ್ಷಗಟ್ಟಲೆ ಹೀಗೇ ಮಾಡಿದೆ” ಎಂದು ನಕ್ಕಳು. ನಗುತ್ತಿದ್ದವಳ ಮುಖ ನಿಧಾನವಾಗಿ ಸಪ್ಪಗಾಯಿತು. “ನಳಿನಿ, ಮನೆಯಲ್ಲಿ ಇನ್ನೂ ಹೀಗೇ ಅಡುಗೆಯಾ? ನನ್ನ ಕಿಡ್ನಿ ಕೆಲಸ ಮಾಡ್ತಾ ಇಲ್ವಾ?”

ಇನ್ನು ತಡೆಯುವ ಹಾಗಿರಲಿಲ್ಲ. “ನಿನ್ನ ಕಿಡ್ನಿ ಕೊನೆಯ ದಿನದವರೆಗೂ ಕೆಲಸ ಮಾಡಿತು ಲಿಂಡಾ. ಅವರ ಹೃದಯ ನಿಂತಿತು” ಎಂದೆ. ರಮೋನ್ ಚಮಚ ಕೆಳಗಿಟ್ಟ. ಲಿಂಡಾ ನಾಲ್ಕನೆಯ ತಟ್ಟೆಯನ್ನೇ ನೋಡುತ್ತಿದ್ದಳು. ಕೊಟ್ಟದ್ದು ವ್ಯರ್ಥವಾಯಿತು ಎಂದಾಳೆಂದು ನಾನು ಹೆದರಿದೆ.

“ಆಪರೇಷನ್ ಆಗಿ ಮನೆಗೆ ಬಂದಮೇಲೆ, ಮೊದಲು ಏನು ಕುಡಿದರು?” ಎಂದು ಕೇಳಿದಳು.

ಬೇರೆ ಯಾರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. “ಸಾರು. ಒಂದು ಲೋಟ ಪೂರ್ತಿ ಕುಡಿದು, ಇನ್ನೊಂದು ಲೋಟ ಕೇಳಿದರು” ಎಂದೆ.

“ಕೊಟ್ಟೆಯಾ?”

“ಕೊಟ್ಟೆ. ಆಮೇಲೆ ಎಷ್ಟು ಕೇಳಿದರೂ ಕೊಟ್ಟೆ.”

ಲಿಂಡಾ ತನ್ನ ಸೊಂಟದ ಪಕ್ಕಕ್ಕೆ, ಹೊಲಿಗೆಯಿದ್ದ ಕಡೆ, ಕೈಯಿಟ್ಟುಕೊಂಡು ಅತ್ತಳು. ನಾನೂ ಅತ್ತೆ. ಇಷ್ಟು ದಿನ ಅಷ್ಟು ಸಲೀಸಾಗಿ ಅಳು ಬಂದಿರಲಿಲ್ಲ. ರಮೋನ್ ಉಪ್ಪಿಲ್ಲದ ಪಲ್ಯವನ್ನೆಲ್ಲ ಬಡಿಸಿಕೊಂಡು ತಿಂದು ಮುಗಿಸಿದ.

ಸಂಜೆ ಇಬ್ಬರೂ ಸ್ಟೇಷನ್ನಿಗೆ ಬಂದರು. ರೈಲು ಬಂದಾಗ ರಮೋನ್ ಓಡಿಹೋಗಿ ನೀರಿನ ಬಾಟಲಿಯೊಂದನ್ನು ತಂದು ನನ್ನ ಕೈಗಿಟ್ಟ. “ಚೆನ್ನಾಗಿ ನೀರು ಕುಡೀರಿ ಆಂಟಿ” ಎಂದು ತನ್ನ ಕಿಬ್ಬೊಟ್ಟೆ ಮುಟ್ಟಿಕೊಂಡ. “ ಇದರ ಜೋಡಿ ನಿಮ್ಮ ಹತ್ತಿರ ಇದೆ.”

ಈಗ ಸಮುದ್ರ ಎಡಗಡೆ. ಮೋಡ ಸರಿದು ನೀರಿನ ಮೇಲೆ ಕೆಂಪು ಬಿಸಿಲು ಬಿದ್ದಿತ್ತು. ಇವರು ನೋಡಬೇಕೆಂದದ್ದು ಇದನ್ನೇ. ಖಾಲಿ ಡಬ್ಬಿಯ ಚೀಲವನ್ನು ಕಾಲ ಬಳಿ ಇಟ್ಟು, ಕಿಟಕಿ ಸೀಟನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಕೂತೆ. ಬಾಟಲಿಯ ಮುಚ್ಚಳ ತೆಗೆದಾಗ ಬೆನ್ನು ತಾನಾಗಿ ತಿರುಗಿತು. ತಡೆದು, ಆ ಸೀಟಿನ ಕಡೆಗೇ ಮುಖಮಾಡಿ ಕೂತೆ. ಅವರೆದುರಿಗೇ, ಬಾಟಲಿ ಖಾಲಿಯಾಗುವವರೆಗೂ ಕುಡಿದೆ.